ಮಬ್ಬಿನಾಚೆಯನ್ನು ನೋಡುವ ಬಗೆ

ವಿದ್ಯಾರ್ಥಿಗಳೇ, ಚಳಿಗಾಲದ ಬೆಳಗಿನಲ್ಲಿ ಜಹೀರಾಬಾದಿನ ಕಬ್ಬಿನ ಹೊಲಗಳ ಮೇಲೂ ತಾಂಡೂರಿನ ತೊಗರಿ ಹೊಲಗಳ ಮೇಲೂ ತೆಳುವಾದ ಮಬ್ಬು ಕವಿದಿರುವುದನ್ನು ನೀವು ನೋಡಿದ್ದೀರಿ. ಆಗ ಹತ್ತಿರದ ಮರವೇ ನಮಗೆ ಮಸುಕಾಗುತ್ತದೆ. ಹಾಗಾದರೆ ನೂರಾರು ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಹೊಲದ ಬದು ಕಾಣುವುದು ಹೇಗೆ?

ಬಿಳಿಯ ಬೆಳಕಿನಲ್ಲಿ ಏಳು ಬಣ್ಣಗಳಿವೆ. ಕೆಂಪಿನಾಚೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿವೆ. ಇವನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಉಷ್ಣಮಾಪಕದ ನೆರವಿನಿಂದ ಕಂಡುಹಿಡಿದನು. ಗಾಳಿಯ ಅಣುಗಳು ನೀಲಿ ಬೆಳಕನ್ನು ಬಹಳವಾಗಿ ಚದುರಿಸುತ್ತವೆ. ಕೆಂಪಿಗೆ ಸಮೀಪದ ಅವಕೆಂಪನ್ನು ಸುಮಾರು ಅದರ ಹತ್ತನೆಯ ಒಂದು ಪಾಲಿನಷ್ಟೇ. ನವಿರಾದ ಮಬ್ಬಿನಲ್ಲಿಯೂ ಅವಕೆಂಪೇ ಹೆಚ್ಚು ಸುಲಭವಾಗಿ ದಾಟುತ್ತದೆ. ಆದ್ದರಿಂದ ಅದರ ಚಿತ್ರ ಸ್ಪಷ್ಟ.

ಆದರೆ ಅದಕ್ಕೆ ಬಣ್ಣವಿಲ್ಲ. ಹಸಿರೆಲೆ ಅವಕೆಂಪನ್ನು ಬಹಳ ಪ್ರತಿಫಲಿಸುವುದರಿಂದ ಬೆಳೆ ಬೆಳ್ಳಗೆ ಕಾಣುತ್ತದೆ. ನೀರು ಅದನ್ನು ಹೀರುವುದರಿಂದ ಸಿಂಗೂರು ಜಲಾಶಯ ಕಪ್ಪಾಗಿ ಕಾಣುತ್ತದೆ. ಅದಕ್ಕಾಗಿ ಎರಡನ್ನೂ ಬೆರೆಸುತ್ತಾರೆ: ಬಣ್ಣವನ್ನು ಗೋಚರ ಬೆಳಕಿನ ಚಿತ್ರದಿಂದ, ಬದು, ದಾರಿ, ಹಳ್ಳಗಳ ಸೂಕ್ಷ್ಮ ಗೆರೆಗಳನ್ನು ಅವಕೆಂಪಿನಿಂದ ತೆಗೆದುಕೊಳ್ಳುತ್ತಾರೆ. ಅವಕೆಂಪಿನ ಹೊಳಪನ್ನೆಲ್ಲ ತುಂಬಿದರೆ ಬೆಳೆಯ ನಿಜವಾದ ಬಣ್ಣವೇ ಕೆಡುತ್ತದೆ.

1988ರ ಮಾರ್ಚ್ 17ರಂದು ಹಾರಿದ ನಮ್ಮ ಐ.ಆರ್.ಎಸ್.-1ಎ ಉಪಗ್ರಹವು ನೀಲಿ, ಹಸಿರು, ಕೆಂಪು, ಅವಕೆಂಪು ಎಂಬ ನಾಲ್ಕು ಪಟ್ಟಿಗಳಲ್ಲಿ ಭೂಮಿಯನ್ನು ನೋಡಿತು. 1995ರ ಡಿಸೆಂಬರ್ 28ರಂದು ಹಾರಿದ ಐ.ಆರ್.ಎಸ್.-1ಸಿ ಗೋಚರ ಬೆಳಕಿನ ಕಪ್ಪು-ಬಿಳುಪು ಚಿತ್ರವನ್ನು 5.8 ಮೀಟರು ಸೂಕ್ಷ್ಮತೆಯಲ್ಲಿ ತೆಗೆಯಿತು. ಹಸಿರು, ಕೆಂಪು, ಸಮೀಪದ ಅವಕೆಂಪುಗಳ ಚಿತ್ರವನ್ನು 23.5 ಮೀಟರಿನಲ್ಲಿ. ಇಲ್ಲಿ ಗೆರೆಗಳನ್ನು ಕೊಟ್ಟುದು ಗೋಚರ ಬೆಳಕು. ಎರಡನ್ನೂ ಕೂಡಿಸಿ ಚುರುಕಾದ ಚಿತ್ರವನ್ನು ಪಡೆದರು. ಇಂಥ ಉಪಗ್ರಹಗಳ ಸಂಕೇತಗಳನ್ನು ಹೈದರಾಬಾದಿನ ಬಳಿಯ ಶಾದ್‌ನಗರದ ಕೇಂದ್ರವು ಸ್ವೀಕರಿಸುತ್ತದೆ.

ಪೋಷಕರು ಒಂದು ಮಾತನ್ನು ನೆನಪಿಡಬೇಕು. ಮಳೆ ಕೈಕೊಟ್ಟ ವರ್ಷ ನಾರಾಯಣಖೇಡದ ಹೊಲಗಳ ಹಸಿರನ್ನು ಅಳೆಯಲು ಕೆಂಪು ಮತ್ತು ಅವಕೆಂಪು ಬೆಳಕಿನ ಮೂಲ ಅಳತೆಗಳನ್ನೇ ಹೋಲಿಸಬೇಕು. ಅಂದಗೊಳಿಸಿದ ಚಿತ್ರದಿಂದ ಲೆಕ್ಕ ಹಾಕಿದರೆ ಒಣಗಿದ ಬೆಳೆಯೂ ಹಸಿರೆನಿಸಬಹುದು; ಬರದ ಲೆಕ್ಕ ತಪ್ಪಿದರೆ ನಷ್ಟ ರೈತನಿಗೇ. ಅಲ್ಲದೆ ದಟ್ಟವಾದ ಮೋಡವನ್ನು ಅವಕೆಂಪೂ ದಾಟಲಾರದು. ಅದಕ್ಕೆ ರೇಡಾರ್ ಬೇಕು.

ಚಿತ್ರ ಅಂದವಾಗಿದ್ದರೆ ಸಾಲದು. ಅದು ಯಾವ ಬೆಳಕಿನಿಂದ, ಯಾವ ಉದ್ದೇಶಕ್ಕಾಗಿ ಸಿದ್ಧವಾಯಿತೆಂದು ಕೇಳುವುದೇ ವಿಜ್ಞಾನದ ಮೊದಲ ಪಾಠ.