ಆರೋಗ್ಯ ಪ್ರಶ್ನೋತ್ತರ: ಹಲ್ಲುಜ್ಜುವ ಸರಿಯಾದ ಕ್ರಮ

ಪ್ರಶ್ನೆ: ದಿನಾ ಬೆಳಿಗ್ಗೆ ತಪ್ಪದೆ ಹಲ್ಲುಜ್ಜುವವರಿಗೂ ಹಲ್ಲು ಹುಳುಕಾಗುವುದು ಏಕೆ?

ಉತ್ತರ: ಹಲ್ಲಿನ ಮೇಲೆ ಕಟ್ಟುವ ಪಾಚಿಯೇ ಇದಕ್ಕೆ ಮೂಲ. ಅದು ಊಟವಾದ ಮೇಲೆ ಉಳಿದ ಅಗುಳಲ್ಲ. ಬ್ಯಾಕ್ಟೀರಿಯಾಗಳೂ ಅವು ಹೊರಬಿಡುವ ಅಂಟೂ ಸೇರಿ ಆದ ತೆಳುವಾದ ಪೊರೆ. ಎಷ್ಟು ಬಾಯಿ ಮುಕ್ಕಳಿಸಿದರೂ ಅದು ಬಿಡುವುದಿಲ್ಲ, ಉಜ್ಜಿಯೇ ತೆಗೆಯಬೇಕು. ತೆಗೆದ ಕೆಲವೇ ಗಂಟೆಗಳಲ್ಲಿ ಮತ್ತೆ ಕೂರಲು ಶುರುವಾಗುತ್ತದೆ.

ಸಕ್ಕರೆ, ಬೆಲ್ಲ, ಬಿಸ್ಕತ್ತು, ಚಾಕೊಲೇಟು ಬಾಯಿಗೆ ಬಿದ್ದಾಗ ಪಾಚಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಹೀಗಾಗುವುದನ್ನು ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಅಳೆದು ತೋರಿಸಿದರು. ಸಿಹಿ ತಿಂದ ಕೆಲವು ನಿಮಿಷಗಳಲ್ಲೇ ಪಾಚಿಯ ಪಿಎಚ್ ಮಟ್ಟ 5.5ಕ್ಕಿಂತ ಕೆಳಗಿಳಿಯಬಹುದು. ಆ ಮಟ್ಟದಲ್ಲಿ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಜೊಲ್ಲುರಸ ಈ ಆಮ್ಲವನ್ನು ತಣಿಸಿ, ಕರಗಿದ ಖನಿಜವನ್ನು ಮರಳಿ ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಇನ್ನೊಂದು ಲೋಟ ಸಿಹಿ ಕಾಫಿ ಕುಡಿದರೆ ಇಳಿಕೆ ಮತ್ತೆ ಮೊದಲಾಗುತ್ತದೆ. ಆದ್ದರಿಂದ ಸಿಹಿಯನ್ನು ಎಷ್ಟು ತಿಂದರು ಎಂಬಷ್ಟೇ ಮುಖ್ಯವಾದದ್ದು ದಿನಕ್ಕೆ ಎಷ್ಟು ಸಲ ತಿಂದರು ಎಂಬುದು.

ನಿದ್ದೆಯಲ್ಲಿ ಜೊಲ್ಲುರಸ ತೀರಾ ಕಡಿಮೆಯಾಗುತ್ತದೆ, ಆಮ್ಲವನ್ನು ತಣಿಸುವ ಏರ್ಪಾಡೂ ಆಗ ಸೊರಗುತ್ತದೆ. ರಾತ್ರಿ ಊಟ ಮುಗಿಸಿ, ಬಾಳೆಹಣ್ಣು ತಿಂದು, ಹಾಲು ಕುಡಿದು ಹಾಗೆಯೇ ಮಲಗಿದವರ ಹಲ್ಲಿನ ಮೇಲೆ ಬೆಳಗಿನವರೆಗೂ ಆಮ್ಲದ ಕೆಲಸ ನಡೆದಿರುತ್ತದೆ. ದಿನಕ್ಕೆ ಎರಡು ಸಲ ಉಜ್ಜಬೇಕು. ಅದರಲ್ಲಿ ಬಿಡಲೇಬಾರದ್ದು ಮಲಗುವ ಮುಂಚಿನದು. ಆಮೇಲೆ ನೀರಿನ ಹೊರತು ಬೇರೇನೂ ಬಾಯಿಗೆ ಹೋಗಬಾರದು.

ಪ್ರಶ್ನೆ: ಉಜ್ಜುವ ಸರಿಯಾದ ವಿಧಾನ ಯಾವುದು?

ಉತ್ತರ: ಬ್ರಷ್ಷನ್ನು ಹಲ್ಲಿನ ಸಾಲಿನ ಮೇಲೆ ಅಡ್ಡಡ್ಡ ಜೋರಾಗಿ ಎಳೆದಾಡುವುದು ಎಲ್ಲೆಡೆ ಕಾಣುವ ಅಭ್ಯಾಸ. ಇದರಿಂದ ಹಲ್ಲಿನ ಉಬ್ಬಿದ ಭಾಗ ಹೊಳೆಯುತ್ತದೆ. ಪಾಚಿ ಹೆಚ್ಚು ಕಟ್ಟುವ ಜಾಗ ಹಾಗೆಯೇ ಉಳಿಯುತ್ತದೆ. ಆ ಜಾಗ ಹಲ್ಲು ಮತ್ತು ವಸಡು ಸೇರುವ ಗೆರೆ. ಅಲ್ಲಿ ವಸಡಿನ ಅಂಚು ಹಲ್ಲಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಒಂದೆರಡು ಮಿಲಿಮೀಟರ್ ಆಳದ ಸಣ್ಣ ತೋಡು ಇರುತ್ತದೆ. ಬ್ರಷ್ಷಿನ ಎಳೆಗಳ ತುದಿ ಅದರ ಬಾಯಿಯನ್ನು ಮುಟ್ಟಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ವೈದ್ಯ ಚಾರ್ಲ್ಸ್ ಬ್ಯಾಸ್ 1954ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದೇ. ದಂತವೈದ್ಯರು ಇಂದಿಗೂ ಹೆಚ್ಚಾಗಿ ಕಲಿಸುವುದು ಅದನ್ನು ಅಥವಾ ಅದರ ಸುಧಾರಿತ ರೂಪವನ್ನು.

ಬ್ರಷ್ಷನ್ನು ಮುಷ್ಟಿಯಲ್ಲಿ ಬಿಗಿಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿಯಬೇಕು. ಎಳೆಗಳು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ, ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಅಂಚಿನ ಮೇಲೆ ಇರುವಂತೆ ಇಟ್ಟು, ತುದಿಗಳು ಜಾಗ ಬಿಡದಂತೆ ಸಣ್ಣಗೆ ಅಲುಗಿಸಬೇಕು. ಎರಡು-ಮೂರು ಹಲ್ಲಿಗೆ ಹತ್ತು ಹದಿನೈದು ಸಲ ಅಲುಗಿಸಿದ ಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಗುಡಿಸಿ, ಪಕ್ಕದ ಹಲ್ಲುಗಳಿಗೆ ಸರಿಯಬೇಕು. ಮೇಲಿನ ಸಾಲನ್ನು ಕೆಳಮುಖವಾಗಿ, ಕೆಳಗಿನ ಸಾಲನ್ನು ಮೇಲ್ಮುಖವಾಗಿ ಗುಡಿಸಬೇಕು. ದವಡೆ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ ಮಾತ್ರ ಹಿಂದೆಮುಂದೆ ಉಜ್ಜಬಹುದು.

ಕ್ರಮ ತಪ್ಪಿದರೆ ಕೆಲವು ಹಲ್ಲು ಉಳಿದುಬಿಡುತ್ತವೆ. ಮೇಲಿನ ಬಲ ದವಡೆಯ ಹೊರಮೈಯಿಂದ ಹೊರಟು ಎಡ ದವಡೆ ಮುಟ್ಟಿ, ಒಳಮೈಯಲ್ಲಿ ಹಿಂದಿರುಗಿ, ಕೆಳಗಿನ ಸಾಲಿಗೂ ಹೀಗೆಯೇ ಮಾಡಿ, ಕೊನೆಗೆ ಅಗಿಯುವ ಮೇಲ್ಮೈಗೆ ಬಂದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಒಟ್ಟು ಎರಡು ನಿಮಿಷವಾದರೂ ಬೇಕು. ಕೆಳಗಿನ ಬಾಚಿಹಲ್ಲುಗಳ ಒಳಮೈಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಂತುದಿಯಿಂದ ಒಂದೊಂದೇ ಹಲ್ಲನ್ನು ಮೇಲಕ್ಕೆ ಎಳೆದು ಉಜ್ಜಬೇಕು. ನಾಲಿಗೆಯ ಕೆಳಗೆ ಜೊಲ್ಲುಗ್ರಂಥಿಯ ನಾಳಗಳು ತೆರೆದುಕೊಳ್ಳುವುದರಿಂದ ಗಾರೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪಾಚಿ, ಬೇಗ ಕಟ್ಟುವ ಜಾಗಗಳಲ್ಲಿ ಇದೂ ಒಂದು. ಕೆನ್ನೆಯೊಳಗೆ ಇನ್ನೊಂದು ಗ್ರಂಥಿಯ ನಾಳ ತೆರೆದುಕೊಳ್ಳುವ ಕಡೆ, ಅಂದರೆ ಮೇಲಿನ ದವಡೆ ಹಲ್ಲಿನ ಹೊರಮೈಯಲ್ಲೂ ಹೀಗೆಯೇ ಆಗುತ್ತದೆ.

ಪ್ರಶ್ನೆ: ಉಜ್ಜುವಾಗ ರಕ್ತ ಬಂದರೆ ಆ ಜಾಗವನ್ನು ಮುಟ್ಟದೆ ಬಿಡಬೇಕೇ?

ಉತ್ತರ: ಬಿಟ್ಟರೆ ರಕ್ತ ಹೆಚ್ಚುತ್ತದೆ. ಪಾಚಿ ಕೂತಲ್ಲಿ ವಸಡು ಉರಿಯೂತಕ್ಕೆ ಸಿಕ್ಕಿ ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಒಸರುತ್ತದೆ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ಗುಣವಾಯಿತು.

ಹಾಗಾಗಿ ಮೃದುವಾದ ಬ್ರಷ್ಷಿನಿಂದ ಅದೇ ಜಾಗವನ್ನು ಹಗುರವಾಗಿ, ಬಿಡದೆ ಉಜ್ಜಬೇಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಗಾರೆ ಕಟ್ಟಿರಬಹುದು, ಅದನ್ನು ದಂತವೈದ್ಯರೇ ತೆಗೆಯಬೇಕು. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ವಸಡು ಸುಲಭವಾಗಿ ಊದುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಹೆಚ್ಚು ಬರಬಹುದು. ವೈದ್ಯರನ್ನು ಕೇಳದೆ ಅವರು ಮಾತ್ರೆ ನಿಲ್ಲಿಸಬಾರದು. ಮಧುಮೇಹಕ್ಕೂ ವಸಡಿನ ಕಾಯಿಲೆಗೂ ಎರಡು ದಿಕ್ಕಿನ ನಂಟಿದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ.

ಪ್ರಶ್ನೆ: ಯಾವ ಬ್ರಷ್ ಒಳ್ಳೆಯದು? ಅದನ್ನು ಎಷ್ಟು ದಿನ ಬಳಸಬಹುದು?

ಉತ್ತರ: ಪೊಟ್ಟಣದ ಮೇಲೆ ‘ಸಾಫ್ಟ್’ ಎಂದಿರುವ, ಕೊನೆಯ ದವಡೆ ಹಲ್ಲಿನ ಹಿಂದಕ್ಕೂ ತಲುಪುವಷ್ಟು ಸಣ್ಣ ತಲೆಯ ಬ್ರಷ್ ಸಾಕು. ಎಳೆ ಗಟ್ಟಿಯಾದಷ್ಟೂ ಹಲ್ಲು ಶುದ್ಧವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಗಟ್ಟಿ ಎಳೆಯಿಂದ ಒತ್ತಿ ಉಜ್ಜಿದರೆ ವಸಡು ಹಿಂಜರಿದು ಬೇರು ಕಾಣತೊಡಗುತ್ತದೆ; ಹಲ್ಲಿನ ಕತ್ತಿನಲ್ಲಿ ಕೊರೆದಂತೆ ಕಚ್ಚು ಬೀಳುತ್ತದೆ.

ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸುವುದು ವಾಡಿಕೆ. ಅದಕ್ಕೆ ಮೊದಲೇ ಎಳೆಗಳು ಆಚೀಚೆ ಬಾಗಿಕೊಂಡರೆ ಆಗಲೇ ಬದಲಿಸಬೇಕು. ಒಂದೇ ತಿಂಗಳಲ್ಲಿ ಬಾಗಿದರೆ ಕೈಯ ಒತ್ತಡ ಮಿತಿಮೀರಿದೆ ಎಂದೇ ಅರ್ಥ. ವಿದ್ಯುತ್ ಬ್ರಷ್ ಕೈನಡುಕ, ಸಂಧಿವಾತ ಇರುವವರಿಗೆ ಅನುಕೂಲ. ಸರಿಯಾಗಿ ಬಳಸಿದರೆ ಕೈಬ್ರಷ್ಷೂ ಸಾಲುತ್ತದೆ. ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಳಸಬಾರದು. ತೊಳೆದ ಬ್ರಷ್ಷನ್ನು ಮುಚ್ಚಳ ಹಾಕದೆ, ಎಳೆ ಮೇಲೆ ಬರುವಂತೆ ನಿಲ್ಲಿಸಿದರೆ ಬೇಗ ಒಣಗುತ್ತದೆ.

ಪ್ರಶ್ನೆ: ಪೇಸ್ಟ್ ಎಷ್ಟು ಹಾಕಬೇಕು? ಅದರಲ್ಲಿರುವ ಫ್ಲೋರೈಡ್ ಒಳ್ಳೆಯದೇ, ಕೆಟ್ಟದ್ದೇ?

ಉತ್ತರ: ಜಾಹೀರಾತಿನಲ್ಲಿ ಕಾಣುವಂತೆ ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಚ್ಚಬೇಕಿಲ್ಲ. ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಸಾಕು. ನೊರೆ ಹೆಚ್ಚಾದರೆ ಉಜ್ಜಿದ ಭಾವನೆ ಬೇಗ ಬಂದು ಕೈ ಬೇಗ ನಿಲ್ಲುತ್ತದೆ.

ಫ್ಲೋರೈಡ್ ಕರಗಿದ ಖನಿಜವನ್ನು ಎನಾಮೆಲ್‌ಗೆ ಮರಳಿ ಸೇರಿಸಲು ನೆರವಾಗುತ್ತದೆ, ಹಲ್ಲು ಆಮ್ಲವನ್ನು ಹೆಚ್ಚು ತಡೆಯುವಂತೆ ಮಾಡುತ್ತದೆ. ಭಾರತದಲ್ಲಿ ಪೇಸ್ಟಿನ ಫ್ಲೋರೈಡ್‌ಗೆ 1000 ಪಿಪಿಎಂ ಮಿತಿ ಇದೆ. ಉಜ್ಜಿದ ಮೇಲೆ ನೊರೆಯನ್ನು ಉಗುಳಬೇಕು. ಕೂಡಲೇ ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಕೊಚ್ಚಿಹೋಗುತ್ತದೆ.

ಕುಡಿಯುವ ನೀರಿನ ಫ್ಲೋರೈಡ್ ಬೇರೆಯದೇ ವಿಷಯ. ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಮುಂಡರಗಿ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಶಾಶ್ವತ ಹಲ್ಲು ದವಡೆಯ ಮೂಳೆಯೊಳಗೆ ರೂಪುಗೊಳ್ಳುವಾಗಲೇ ಫ್ಲೋರೋಸಿಸ್‌ಗೆ ಒಳಗಾಗಿ, ಬಿಳಿಮಚ್ಚೆ ಇಲ್ಲವೇ ಕಂದುಪಟ್ಟೆ ಹೊತ್ತು ಮೂಡುತ್ತದೆ. ಎಷ್ಟು ಉಜ್ಜಿದರೂ ಆ ಕಲೆ ಹೋಗುವುದಿಲ್ಲ, ಉಜ್ಜದೆ ಬಿಟ್ಟಿದ್ದರಿಂದ ಬಂದದ್ದೂ ಅಲ್ಲ. ಅಂಥ ಊರುಗಳಲ್ಲಿ ಸಣ್ಣ ಮಕ್ಕಳ ಪೇಸ್ಟನ್ನು ದಂತವೈದ್ಯರನ್ನು ಕೇಳಿ ಆರಿಸಬೇಕು.

ಪ್ರಶ್ನೆ: ಬೇವಿನಕಡ್ಡಿ, ಇದ್ದಿಲು, ಉಪ್ಪು, ಹಲ್ಲುಪುಡಿ ಬಳಸಬಹುದೇ?

ಉತ್ತರ: ಬೇವಿನಕಡ್ಡಿಯ ತುದಿಯನ್ನು ಚೆನ್ನಾಗಿ ಅಗಿದು ಕುಂಚದಂತೆ ಮಾಡಿಕೊಂಡು ಮೆಲ್ಲಗೆ ಬಳಸಿದರೆ ಹಲ್ಲಿನ ಹೊರಮೈ ಸ್ವಚ್ಛವಾಗುತ್ತದೆ. ಒಳಮೈ, ಹಿಂದಿನ ದವಡೆಗೆ ಅದು ತಲುಪುವುದು ಕಷ್ಟ. ಒರಟಾದ ಕಡ್ಡಿ ವಸಡನ್ನು ಕೆರೆಯುತ್ತದೆ. ಫ್ಲೋರೈಡ್‌ನ ರಕ್ಷಣೆಯೂ ಅದರಲ್ಲಿಲ್ಲ.

ಇದ್ದಿಲು, ಒಲೆಯ ಬೂದಿ, ಇಟ್ಟಿಗೆಪುಡಿ, ಮರಳು ಬೆರೆತ ಪುಡಿ ಹಲ್ಲನ್ನು ಸವೆಸುತ್ತವೆ. ಮೊದಮೊದಲು ಹಲ್ಲು ಬೆಳ್ಳಗೆ ಕಂಡರೂ ಎನಾಮೆಲ್ ತೆಳುವಾದಂತೆ ಒಳಗಿನ ಹಳದಿ ಡೆಂಟಿನ್ ಹೊರಗೆ ಕಾಣುತ್ತದೆ. ಉಪ್ಪಿನ ಹರಳಿನಿಂದ ಉಜ್ಜುವುದೂ ಇದೇ ಕಾರಣಕ್ಕೆ ಸಲ್ಲದು. ಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದರೆ ನೋವಿರುವ ವಸಡಿಗೆ ಹಿತವಾಗುತ್ತದೆ.

ಹೊಗೆಸೊಪ್ಪನ್ನು ಹುರಿದು ಪುಡಿ ಮಾಡಿದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಚಟ ಮಹಾರಾಷ್ಟ್ರದ ಕಡೆ ಬಹಳ ದಿನಗಳಿಂದ ಇದೆ. ಪೇಸ್ಟ್ ಮತ್ತು ಹಲ್ಲುಪುಡಿಯಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ತಂಬಾಕು ಹಲ್ಲನ್ನು ಶುದ್ಧ ಮಾಡುವುದಿಲ್ಲ, ನಿಕೋಟಿನ್ ಚಟ ಹತ್ತಿಸಿ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಪ್ರಶ್ನೆ: ಊಟ ಮಾಡಿದ ಅಥವಾ ಹುಳಿ ಪದಾರ್ಥ ತಿಂದ ಕೂಡಲೇ ಹಲ್ಲುಜ್ಜಬೇಕೇ?

ಉತ್ತರ: ನಿಂಬೆ ಪಾನಕ, ಹುಣಸೆ, ಕಿತ್ತಳೆ, ಸೋಡಾ ಪಾನೀಯಗಳಿಂದ ಎನಾಮೆಲ್‌ನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಆಗಲೇ ಉಜ್ಜಿದರೆ ಸವೆತ ಹೆಚ್ಚು. ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ಹುಳಿತೇಗು, ವಾಂತಿಯಾದಾಗಲೂ ಇದೇ ಕ್ರಮ.

ಪ್ರಶ್ನೆ: ಬ್ರಷ್ಷೊಂದೇ ಸಾಲದೇ? ಹಲ್ಲಿನ ಸಂದು, ನಾಲಿಗೆಗೆ ಏನು ಮಾಡಬೇಕು?

ಉತ್ತರ: ಎರಡು ಹಲ್ಲು ಒಂದಕ್ಕೊಂದು ತಾಗುವ ಕಡೆ ಬ್ರಷ್ಷಿನ ಎಳೆ ನುಗ್ಗುವುದಿಲ್ಲ. ಅಲ್ಲಿಗೆ ದಿನಕ್ಕೊಮ್ಮೆ ಫ್ಲಾಸ್ ದಾರ ಬೇಕು. ಸುಮಾರು ಒಂದೂವರೆ ಅಡಿ ದಾರವನ್ನು ಎರಡೂ ಕೈಯ ನಡುಬೆರಳಿಗೆ ಸುತ್ತಿ, ಸಂದಿಗೆ ಮೆಲ್ಲಗೆ ಇಳಿಸಿ, ಹಲ್ಲಿನ ಪಕ್ಕಕ್ಕೆ ತಬ್ಬಿಸಿ ಮೇಲೆಕೆಳಗೆ ಎಳೆಯಬೇಕು. ಸಂದು ಅಗಲವಾಗಿರುವವರಿಗೆ ಪುಟ್ಟ ಸಂದುಬ್ರಷ್ ಹೆಚ್ಚು ಅನುಕೂಲ. ಗುಂಡುಸೂಜಿ, ಬೆಂಕಿಕಡ್ಡಿ, ಸೇಫ್ಟಿಪಿನ್ ಹಾಕಿ ಕೆದಕಿದರೆ ವಸಡಿಗೆ ಗಾಯವಾಗುತ್ತದೆ. ನಾಲಿಗೆಯ ಹಿಂಭಾಗದ ಪೊರೆ ಬಾಯಿ ವಾಸನೆಗೆ ಮುಖ್ಯ ಕಾರಣ. ನಾಲಿಗೆ ಹೆರೆಯುವ ಪಟ್ಟಿಯಿಂದ ಹಿಂದಿನಿಂದ ಮುಂದಕ್ಕೆ ಹಗುರವಾಗಿ ಎಳೆದರೆ ಸಾಕು.

ಪ್ರಶ್ನೆ: ಮಕ್ಕಳು ಯಾವ ವಯಸ್ಸಿನಿಂದ ಹಲ್ಲುಜ್ಜಬೇಕು?

ಉತ್ತರ: ಸುಮಾರು ಆರು ತಿಂಗಳಿಗೆ ಮೊದಲ ಹಾಲುಹಲ್ಲು ಮೂಡಿದ ದಿನದಿಂದಲೇ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಬೇಕಾದಷ್ಟು ಹಿಡಿತ ಬಂದಿರುವುದಿಲ್ಲ. ಮಗು ತಾನು ಉಜ್ಜಿಕೊಂಡ ಮೇಲೆ ದೊಡ್ಡವರು ಅದರ ಹಿಂದೆ ನಿಂತು, ತಲೆಯನ್ನು ಎದೆಗೆ ಆನಿಸಿಕೊಂಡು ಇನ್ನೊಮ್ಮೆ ಉಜ್ಜಬೇಕು.

ಹಾಲುಹಲ್ಲು ಹೇಗೂ ಬೀಳುತ್ತದೆ ಎಂಬ ಉದಾಸೀನ ಸಲ್ಲದು. ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನ ಕೆಲವು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕಾದವು, ಬೇಗ ಕಿತ್ತರೆ ಶಾಶ್ವತ ಹಲ್ಲು ಸೊಟ್ಟಗೆ ಬರುತ್ತದೆ. ಆರನೆಯ ವರ್ಷದ ಸುಮಾರಿಗೆ ಕೊನೆಯ ಹಾಲುಹಲ್ಲಿನ ಹಿಂದೆ ಮೂಡುವ ದವಡೆ ಹಲ್ಲು ಶಾಶ್ವತವಾದದ್ದು. ಯಾವ ಹಲ್ಲೂ ಬೀಳದೆ ಬರುವ ಇದನ್ನು ಎಷ್ಟೋ ಮನೆಗಳಲ್ಲಿ ಹಾಲುಹಲ್ಲೆಂದೇ ತಿಳಿದು ಕಡೆಗಣಿಸುತ್ತಾರೆ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಗು ನಿದ್ದೆಹೋಗುವ ರೂಢಿಯಿಂದ ಮೇಲಿನ ಮುಂಹಲ್ಲು ಬಹಳ ಬೇಗ ಹುಳುಕಾಗುತ್ತದೆ.

ಪ್ರಶ್ನೆ: ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದೇಕೆ?

ಉತ್ತರ: ಎನಾಮೆಲ್ ಸವೆದರೆ ಅಥವಾ ವಸಡು ಹಿಂಜರಿದರೆ ಡೆಂಟಿನ್ ತೆರೆದುಕೊಳ್ಳುತ್ತದೆ. ಅದರ ಸೂಕ್ಷ್ಮ ನಾಳಗಳಲ್ಲಿನ ದ್ರವ ಅಲುಗಿದಾಗ ಒಳಗಿನ ನರಕ್ಕೆ ಅದು ನೋವಾಗಿ ಮುಟ್ಟುತ್ತದೆ. ಈ ನೋವನ್ನು ತಗ್ಗಿಸುವ, ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟಿನ ಪರಿಣಾಮ ಕಾಣಲು ಕೆಲವು ವಾರ ಬೇಕು. ಒತ್ತಿ ಉಜ್ಜುವುದನ್ನು ಬಿಡದೆ ಪೇಸ್ಟ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಒಂದೇ ಹಲ್ಲು ಜುಮ್ಮೆನ್ನುತ್ತಿದ್ದರೆ, ಬಿಸಿಗೂ ನೋಯುತ್ತಿದ್ದರೆ ಹುಳುಕು ಆಳಕ್ಕೆ ಇಳಿದಿರಬಹುದು.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ? ದಂತವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಉತ್ತರ: ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುವಂತೆ, ತೆಗೆಯದೆ ಬಿಟ್ಟ ಪಾಚಿಗೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಕೆಲವು ದಿನಗಳಲ್ಲೇ ಗಾರೆಯಾಗುತ್ತದೆ. ಅದನ್ನು ಬ್ರಷ್ ಅಲುಗಿಸಲಾರದು. ಸ್ಕೇಲಿಂಗ್ ಉಪಕರಣವೇ ಬೇಕು. ಗಾರೆಯ ಕೆಳಗೆ ವರ್ಷಗಟ್ಟಲೆ ಉರಿಯೂತ ನಡೆದು ಹಲ್ಲನ್ನು ಹಿಡಿದ ಮೂಳೆ ಕರಗಿದ್ದರೆ ಹಲ್ಲು ಆಗಲೇ ಸಡಿಲವಾಗಿರುತ್ತದೆ. ಗಾರೆ ಅದನ್ನು ಅಕ್ಕಪಕ್ಕದ ಹಲ್ಲಿಗೆ ಬೆಸೆದು ನಿಲ್ಲಿಸಿರುತ್ತದೆ, ತೆಗೆದ ಮೇಲೆ ಇದ್ದ ಸಡಿಲವೇ ಗೊತ್ತಾಗುತ್ತದೆ. ಸಡಿಲವಾದದ್ದು ಕ್ಲೀನಿಂಗಿನಿಂದಲ್ಲ, ಕ್ಲೀನಿಂಗ್ ತಡವಾದದ್ದರಿಂದ.

ಆರು ತಿಂಗಳಿಗೆ, ಕನಿಷ್ಠ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಉಜ್ಜುವಾಗ ಎಲ್ಲೆಲ್ಲಿ ಬಿಟ್ಟುಹೋಗಿದೆ ಎಂಬುದನ್ನು ಪಾಚಿಗೆ ಬಣ್ಣ ಹತ್ತಿಸುವ ದ್ರವದಿಂದ ದಂತವೈದ್ಯರು ಅಲ್ಲಿಯೇ ತೋರಿಸಬಲ್ಲರು. ವಸಡಿನಿಂದ ಕೀವು ಬರುವುದು, ಹಲ್ಲು ಅಲುಗುವುದು, ಬಾಯಿ ಮೊದಲಿನಷ್ಟು ತೆರೆಯಲಾಗದಿರುವುದು, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು: ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಎಲೆ-ಅಡಿಕೆ, ಗುಟ್ಕಾ, ಹೊಗೆಸೊಪ್ಪು ಹಾಕುವವರಂತೂ ನೋವಿಲ್ಲದಿದ್ದರೂ ಬಾಯಿ ತೋರಿಸಿಕೊಳ್ಳಬೇಕು.