ಜುಮ್ ಅಂದಿತು ಅಂತ ಸುಮ್ಮನಾಗಬೇಡಿ: ವೋಲ್ಟೇಜ್, ಕರೆಂಟ್ ಮತ್ತು ನಮ್ಮ ಮೈ

ವಿಶಾಖಪಟ್ಟಣ, ವಿಜಯವಾಡದಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಈ ವಾರದ ಆರೋಗ್ಯ ಮಾಹಿತಿ. ಇವತ್ತು ಬಿಪಿ, ಶುಗರ್ ಅಲ್ಲ, ಕರೆಂಟ್ ಷಾಕ್.

ನಾವು ವಿಶಾಖಪಟ್ಟಣಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆಯ ಬಚ್ಚಲಲ್ಲಿ ಗೀಸರ್ ನಲ್ಲಿ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಮಾಲೀಕರಿಗೆ ಹೇಳಿದೆವು. "ಏಮ್ ಕಾದು" ಅಂದರು, ಅಂದರೆ ಏನೂ ಆಗಲ್ಲ ಅಂತ. ನಾವೂ ಚಪ್ಪಲಿ ಹಾಕಿಕೊಂಡೇ ನಲ್ಲಿ ತಿರುಗಿಸುವ ಅಭ್ಯಾಸ ಮಾಡಿಕೊಂಡೆವು. ಒಂದು ದಿನ ಅಮ್ಮ ಸ್ನಾನದ ಮಧ್ಯೆ, ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಅದೇ ನಲ್ಲಿ ಹಿಡಿದರು. ಕೈ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಚೀರಾಟ ಕೇಳಿ ಮಗ ಓಡಿಹೋಗಿ ಮೈನ್ ಆಫ್ ಮಾಡಿದ್ದಕ್ಕೆ ಉಳಿದರು.

ಅದೇ ಗೀಸರ್, ಅದೇ ನಲ್ಲಿ. ನಿನ್ನೆ ಜುಮ್ ಅಂದದ್ದು ಇವತ್ತು ಪ್ರಾಣಕ್ಕೆ ಬಂದದ್ದು ಹೇಗೆ? ಉತ್ತರ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲೇ ಇದೆ, ಪರೀಕ್ಷೆ ಮುಗಿದ ಮೇಲೆ ನಾವು ಮರೆತಿದ್ದೇವೆ ಅಷ್ಟೆ.

ಅಪಾರ್ಟ್‌ಮೆಂಟಿನ ಓವರ್‌ಹೆಡ್ ಟ್ಯಾಂಕ್ ನೆನಪು ಮಾಡಿಕೊಳ್ಳಿ. ನೀರನ್ನು ಕೆಳಗೆ ತಳ್ಳುವ ಒತ್ತಡವೇ *ವೋಲ್ಟೇಜ್*. ನಮ್ಮ ಮನೆಗಳಲ್ಲಿ ಅದು 230 ವೋಲ್ಟ್. ಪೈಪಿನಲ್ಲಿ ನಿಜವಾಗಿ ಹರಿಯುವ ನೀರು *ಕರೆಂಟ್*, ಅದರ ಅಳತೆ ಆಂಪಿಯರ್. ಪೈಪು ಸಣ್ಣದಿದ್ದರೆ, ಕಸ ಕಟ್ಟಿದ್ದರೆ ಆಗುವ ತಡೆಯೇ *ರೋಧ*, ಅದರ ಅಳತೆ ಓಮ್. (ನಾವು "ಕರೆಂಟ್ ಹೋಯ್ತು, ಕರೆಂಟ್ ಬಂತು" ಅಂತ ಎಲ್ಲಕ್ಕೂ ಒಂದೇ ಮಾತು ಬಳಸುವುದರಿಂದ ಈ ಮೂರೂ ಕಲಸಿಹೋಗಿವೆ.) ಜರ್ಮನಿಯ ಜಾರ್ಜ್ ಓಮ್ ಎಂಬ ಮೇಷ್ಟ್ರು 1827ರಲ್ಲಿ ಪುಸ್ತಕ ಬರೆದು ತಿಳಿಸಿದ ಲೆಕ್ಕ ಇಷ್ಟೇ: ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. ತಡೆ ಕಡಿಮೆಯಾದಷ್ಟೂ ಹರಿವು ಜಾಸ್ತಿ.

ಈಗ ತಂತಿಯ ಜಾಗದಲ್ಲಿ ನಮ್ಮ ಮೈ ಇಟ್ಟು ನೋಡಿ. ಒಣಗಿ ಗಟ್ಟಿಯಾದ ಚರ್ಮದ ರೋಧ 1 ಲಕ್ಷ ಓಮ್‌ವರೆಗೂ ಇರಬಹುದು. 230 ಭಾಗಿಸು 1 ಲಕ್ಷ, ಅಂದರೆ 2.3 ಮಿಲಿಆಂಪಿಯರ್. ಬರೀ ಜುಮ್. ಅದೇ ಚರ್ಮ ಒದ್ದೆಯಾದರೆ ರೋಧ 1,000 ಓಮ್‌ಗೆ ಇಳಿಯಬಹುದು. ಆಗ 230 ಮಿಲಿಆಂಪಿಯರ್. ವೋಲ್ಟೇಜ್ ಬದಲಾಗಲಿಲ್ಲ, ಕರೆಂಟ್ ಮಾತ್ರ ನೂರು ಪಟ್ಟು ಆಯಿತು.

ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಅಮ್ಮನಿಗೆ ಆದದ್ದು ಅದೇ. 50ರಿಂದ 100 ಮಿಲಿಆಂಪಿಯರ್ ಎದೆಯ ಮೂಲಕ ಒಂದೆರಡು ಸೆಕೆಂಡ್ ಹರಿದರೆ ಹೃದಯ ಬಡಿತದ ಲಯ ತಪ್ಪಿ ಬರೀ ನಡುಗತೊಡಗುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಒಂದು ಸಾಮಾನ್ಯ ಎಲ್‌ಇಡಿ ಬಲ್ಬ್ ಉರಿಯಲು ಬೇಕಾಗುವ ಕರೆಂಟ್ ಕೂಡ ಹೆಚ್ಚುಕಡಿಮೆ ಇಷ್ಟೇ!

ಒಣ ಕೈ ಅಂತ ಧೈರ್ಯ ಮಾಡುವುದೂ ಬೇಡ. ನಮ್ಮ ಊರಿನ ಒಣ ಹವೆಯಲ್ಲ ಇದು. ವಿಶಾಖಪಟ್ಟಣದಲ್ಲಿ ಸುಮ್ಮನೆ ಕೂತರೂ ಬೆವರು, ವಿಜಯವಾಡದ ಮೇ ತಿಂಗಳು ಕೇಳುವುದೇ ಬೇಡ. ಬೆವರೆಂದರೆ ಉಪ್ಪುನೀರು, ರೋಧವನ್ನು ಇನ್ನೂ ಇಳಿಸುತ್ತದೆ. ಮೇಲಾಗಿ ಕಡಲ ಗಾಳಿಗೆ ಅರ್ಥಿಂಗ್ ತಂತಿ, ಸ್ಕ್ರೂ ಎಲ್ಲ ತುಕ್ಕು ಹಿಡಿಯುತ್ತವೆ. ಗೀಸರ್‌ನಿಂದ ಸೋರಿದ ಕರೆಂಟ್ ಸುಲಭವಾಗಿ ನೆಲಕ್ಕೆ ಇಳಿಯಲೆಂದು ಇರುವ ದಾರಿಯೇ ಅರ್ಥಿಂಗ್. ಅದು ಕೆಟ್ಟರೆ ಮುಟ್ಟಿದವರ ಮೈಯೇ ದಾರಿ.

"ನಮ್ಮ ಮನೆಯಲ್ಲಿ ಎಂಸಿಬಿ ಇದೆ" ಅನ್ನುತ್ತೀರಿ. ಗೀಸರ್‌ನ ಎಂಸಿಬಿ ಸಾಮಾನ್ಯವಾಗಿ 16 ಆಂಪಿಯರ್‌ನದು. ಮನುಷ್ಯನ ಪ್ರಾಣ ಹೋಗುವುದು ಕಾಲು ಆಂಪಿಯರ್‌ಗಿಂತ ಕಡಿಮೆಗೆ, ಅದು ಎಂಸಿಬಿಗೆ ಗೊತ್ತೂ ಆಗುವುದಿಲ್ಲ. ಎಂಸಿಬಿ ಕಾಯುವುದು ವೈರನ್ನು. ನಮ್ಮನ್ನು ಕಾಯುವುದು *30 ಮಿಲಿಆಂಪಿಯರ್‌ನ ಆರ್‌ಸಿಸಿಬಿ*. ಹೋದ ಕರೆಂಟ್ ಪೂರ್ತಿ ವಾಪಸ್ ಬಂತೇ ಎಂದು ಅದು ನೋಡುತ್ತಲೇ ಇರುತ್ತದೆ, ಸೋರಿಕೆ ಕಂಡರೆ ಕ್ಷಣದಲ್ಲಿ ಕಟ್ ಮಾಡುತ್ತದೆ. ಅದರ ಮೇಲೆ "ಟಿ" ಎಂದು ಬರೆದ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಟ್ರಿಪ್ ಆಗದಿದ್ದರೆ ಬದಲಾಯಿಸಿ. ಬಾಡಿಗೆ ಮನೆಯಲ್ಲಿ ಅದು ಇಲ್ಲದಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಹಾಕಿಸಿಕೊಡಿ ಎಂದು ಕೇಳಿ, ಸಂಕೋಚ ಬೇಡ. ಬಕೆಟ್‌ಗೆ ಹಾಕುವ ಹೀಟರ್ ರಾಡ್ ಇದ್ದರೆ, ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿದು ಬಳಸಬೇಡಿ, ಅರ್ಥಿಂಗ್ ಇರುವುದೇ ಅದರಲ್ಲಿ.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಕಂಬಗಳು ಉರುಳಿ ತಂತಿಗಳು ಬೀದಿಗೆ ಬಿದ್ದವು. 2024ರ ಸೆಪ್ಟೆಂಬರ್‌ನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಮನೆಗಳಿಗೆ ನೀರು ನುಗ್ಗಿತು. ಇಂಥ ಹೊತ್ತಲ್ಲಿ ನೀರು ಬರುವ ಮೊದಲೇ ಮೈನ್ ಮತ್ತು ಇನ್‌ವರ್ಟರ್ ಎರಡೂ ಆಫ್ ಆಗಬೇಕು. ಬೀದಿ ದೀಪ ಆರಿದ್ದರೂ ಇನ್‌ವರ್ಟರ್ ಇರುವ ಮನೆಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ನೀರು ಸ್ವಿಚ್‌ಬೋರ್ಡ್ ಮುಟ್ಟಿದ್ದರೆ ನೀರಲ್ಲಿ ನಿಂತು ಮೈನ್ ಆಫ್ ಮಾಡಲು ಹೋಗಬೇಡಿ. ಬಿದ್ದ ತಂತಿಯ ಹತ್ತಿರ ಯಾರೂ ಸುಳಿಯಬೇಡಿ, ದೂರದಿಂದಲೇ 1912ಕ್ಕೆ ಫೋನ್ ಮಾಡಿ.

ಮನೆಯಲ್ಲಿ ಯಾರಿಗಾದರೂ ಷಾಕ್ ಹೊಡೆದರೆ ಮೊದಲು ಮೈನ್ ಆಫ್. ಅವರನ್ನು ಮುಟ್ಟಿದರೆ ನೀವೂ ಸೇರಿಕೊಳ್ಳುತ್ತೀರಿ. ಮೈನ್ ಕೈಗೆ ಸಿಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ತಳ್ಳಿ. ಇದು ಮನೆಯ ವೈರಿಂಗ್‌ಗೆ ಮಾತ್ರ, ಬೀದಿಯ ಹೈಟೆನ್ಷನ್ ತಂತಿಗೆ ಕೋಲೂ ಸಾಲದು. ಪ್ರಜ್ಞೆ ಇಲ್ಲ, ಉಸಿರಾಟ ಸರಿಯಿಲ್ಲ ಅಂದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಎದ್ದು ಕೂತು "ನನಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಗರ್ಭಿಣಿಯರಾದರೆ ಖಂಡಿತ ತೋರಿಸಿ.

ತೆಲುಗು ಇನ್ನೂ ಬಾರದವರು, ಮುಖ್ಯವಾಗಿ ಊರಿಂದ ಬಂದಿರುವ ಅತ್ತೆ ಮಾವ, ಪಕ್ಕದ ಮನೆಯವರನ್ನು ಕೂಗಲು ಈ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ:
*ಕರೆಂಟ್ ಷಾಕ್ ಕೊಟ್ಟಿಂದಿ* (ಷಾಕ್ ಹೊಡೆದಿದೆ)
*ಮೈನ್ ಆಫ್ ಚೇಯಂಡಿ* (ಮೈನ್ ಆಫ್ ಮಾಡಿ)
*ಮುಟ್ಟುಕೋಕಂಡಿ* (ಮುಟ್ಟಬೇಡಿ)