ಕ್ಯಾಮೆರಾ ಪಟ್ಟಿ ಆರಿಸೋದು ಹೇಗೆ? ಬಾದಾಮಿಯಿಂದ ಇಳಕಲ್ಲಿನವರೆಗೆ ಕಲಿತ ಪಾಠ

ನಮ್ಮ ಫೋಟೋ ಟೀಮ್‌ನಲ್ಲಿ ಐದು ಜನ ಇದ್ದೀವಿ, ಕ್ಯಾಮೆರಾ ಇರೋದು ಎರಡು. ಒಂದು ಕ್ಲಬ್‌ದು. ಇನ್ನೊಂದು ನಮ್ಮಲ್ಲೊಬ್ಬನ ಅಣ್ಣನದು. ಅಣ್ಣ ಹುನಗುಂದದಲ್ಲಿ ಮದುವೆ ಫೋಟೋ ತೆಗೀತಾರೆ, ಆ ಕ್ಯಾಮೆರಾದ ಮೇಲೆಯೇ ಅವರ ಮನೆ ನಡೀತದೆ. "ಎರಡು ದಿನಕ್ಕ ಒಯ್ರಿ, ಆದ್ರ ಜ್ವಾಪಾನ" ಅಂತ ಹೇಳಿ ಕೊಟ್ಟಿದ್ರು.

ಬಾಗಲಕೋಟೆಯಿಂದ ಬೆಳಗಿನ ರೈಲು ಹಿಡಿದು ಬಾದಾಮಿಗೆ ಹೋದ್ವಿ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ನೋಡಿ, ಕಂಬದ ಶಿಲ್ಪಗಳ ಫೋಟೋ ತೆಗೆದು ಇಳೀತಿದ್ವಿ. ಆಗ ಅಣ್ಣನ ಕ್ಯಾಮೆರಾದ ಪಟ್ಟಿ ಒಂದು ಬದಿ ಬಕಲ್‌ನಿಂದ ಜಾರಿ ಪೂರ್ತಿ ಬಿಟ್ಟುಕೊಂಡಿತು. ಇನ್ನೊಂದು ಬದಿ ಹಿಡಿದುಕೊಂಡಿದ್ದಕ್ಕೆ ಕ್ಯಾಮೆರಾ ನೆಲಕ್ಕೆ ಬೀಳಲಿಲ್ಲ, ಜೋತು ಹೋಗಿ ಮೆಟ್ಟಿಲಿನ ಅಂಚಿಗೆ ಬಡಿಯಿತು. ಲೆನ್ಸ್ ಹುಡ್ ಒಡೆಯಿತು. ಹುಡ್ ಇಲ್ಲದಿದ್ರೆ ಒಡೆಯುತ್ತಿದ್ದದ್ದು ಲೆನ್ಸ್.

ತಪ್ಪು ಯಾರದು? ನಮ್ಮದೇ. ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಪಟ್ಟಿ ಉದ್ದ ಮಾಡಿದವರು ನಾವು, ಬಕಲ್‌ಗೆ ಹೇಗೋ ತುರುಕಿದವರೂ ನಾವು. ಎಂಜಿನಿಯರಿಂಗ್ ಓದ್ತೀವಿ, ಬೆಲ್ಟ್ ಫ್ರಿಕ್ಷನ್ ಪ್ರಾಬ್ಲಮ್ ಬಿಡಿಸಿ ಮಾರ್ಕ್ಸ್ ತಗೊಂಡಿದ್ದೀವಿ. ಆದರೆ ನಮ್ಮ ಕೊರಳಲ್ಲೇ ಇದ್ದ ಬೆಲ್ಟ್ ಅನ್ನು ಸರಿಯಾಗಿ ಹಾಕೋಕೆ ಬರಲಿಲ್ಲ. ಅದಕ್ಕೇ ಈ ಲೇಖನ. ಪಟ್ಟಿ ಅಂದ್ರೆ ಮೆತ್ತಗಿದ್ರೆ ಸಾಕು ಅಂತ ನಾವೂ ಅಂದುಕೊಂಡಿದ್ವಿ. ಈಗ ಹೇಳ್ತೀವಿ: ಮೆತ್ತಗಿರೋದು ಕೊನೆಯ ಮಾತು. ಮೊದಲು ನೋಡಬೇಕಾದ್ದು ಭಾರ ಎಲ್ಲಿ ಬೀಳ್ತದೆ, ಪಟ್ಟಿ ಎಷ್ಟು ಎಳೀತದೆ, ಮತ್ತು ತುದಿ ಹೇಗೆ ಕಟ್ಟಿದೆ ಅನ್ನೋದು.

1. ಮೊದಲು ತೂಕ ತಿಳ್ಕೊಳ್ಳಿ

ಕ್ಯಾನನ್ 1500ಡಿ ಬಾಡಿ ಬ್ಯಾಟರಿ ಸೇರಿ ಸುಮಾರು 475 ಗ್ರಾಂ. ಜೊತೆಗೆ ಬರೋ 18-55 ಲೆನ್ಸ್ ಸುಮಾರು 200 ಗ್ರಾಂ. ಅದನ್ನು ತೆಗೆದು 55-250 ಎಸ್‌ಟಿಎಂ ಲೆನ್ಸ್ ಹಾಕಿದ್ರೆ ಒಟ್ಟು 850 ಗ್ರಾಂ ಆಗ್ತದೆ. ಮದುವೆಯವರು ಹಿಡಿಯೋ ಫುಲ್ ಫ್ರೇಮ್ ಬಾಡಿಗೆ 70-200 ದೊಡ್ಡ ಲೆನ್ಸ್ ಸೇರಿದ್ರೆ ಎರಡು ಕೆಜಿ ದಾಟ್ತದೆ. 

850 ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ನೆನಪಿಡಿ, ಎಎಸ್‌ಐ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸೋ ಹಾಗಿಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಸುತ್ತಿದ್ರೆ ಕ್ಯಾಮೆರಾ ಬೆಳಗಿನಿಂದ ಸಂಜೆವರೆಗೆ ಮೈಮೇಲೇ ಇರ್ತದೆ.

2. ಅಗಲ: ಒಂದು ಸಣ್ಣ ಲೆಕ್ಕ

850 ಗ್ರಾಂ ಅಂದ್ರೆ ಸುಮಾರು 8.3 ನ್ಯೂಟನ್ ಬಲ. ಪಟ್ಟಿ ಕುತ್ತಿಗೆಯನ್ನು 12 ಸೆಂ.ಮೀ. ಉದ್ದ ಮುಟ್ಟುತ್ತೆ ಅಂತ ಇಟ್ಕೊಳ್ಳೋಣ. ಅಗಲ 2 ಸೆಂ.ಮೀ. ಇದ್ರೆ ಒತ್ತಡ ಸುಮಾರು 3500 ಪಾಸ್ಕಲ್. 4 ಸೆಂ.ಮೀ. ಇದ್ರೆ ಅದರರ್ಧ. ಇಷ್ಟು ಎಲ್ಲರಿಗೂ ಗೊತ್ತು.

ಹಾಗಾದ್ರೆ 8 ಸೆಂ.ಮೀ. ಅಗಲ ಇದ್ರೆ ಇನ್ನೂ ಸುಖ ಅಲ್ವಾ? ಅಲ್ಲ. ಕುತ್ತಿಗೆ ಮತ್ತು ಭುಜದ ನಡುವೆ ಮೈ ಇಳಿಜಾರಾಗಿ ತಿರುಗ್ತದೆ. ಅಗಲ ಪಟ್ಟಿ ಅಲ್ಲಿ ಪೂರ್ತಿ ಕೂರಲ್ಲ, ಒಂದು ಅಂಚಿನ ಮೇಲೆ ನಿಲ್ತದೆ, ಆ ಅಂಚೇ ಕೊರೀತದೆ. ಲೆಕ್ಕದಲ್ಲಿ ಏರಿಯಾ ದೊಡ್ಡದು, ನಿಜದಲ್ಲಿ ಮುಟ್ಟಿದ್ದು ಒಂದು ಗೆರೆ. ಅದಕ್ಕೆ ಅಂಗಡಿಯಲ್ಲಿ ಅಗಲ ನೋಡಿ ಮರುಳಾಗಬೇಡಿ. ಹಾಕಿಕೊಂಡು, ಹತ್ತು ನಿಮಿಷ ಆದ ಮೇಲೆ ಕೆಂಪು ಗುರುತು ಎಲ್ಲಿ ಬಿದ್ದಿದೆ ನೋಡಿ. ಗುರುತು ಗೆರೆ ಥರ ಇದ್ರೆ ಆ ಪಟ್ಟಿ ನಿಮಗಲ್ಲ. ಅಂಚು ಮೆತ್ತಗಿರೋ, ಸ್ವಲ್ಪ ಬಾಗಿದ ಆಕಾರದಲ್ಲಿ ಹೊಲಿದ ಪಟ್ಟಿ ಭುಜಕ್ಕೆ ಚೆನ್ನಾಗಿ ಕೂರ್ತದೆ.

3. ಕೊರಳಿಗಾ, ಅಡ್ಡಕ್ಕಾ?

ಕೊರಳಿಗೆ ನೇತು ಹಾಕಿದಾಗ ಕ್ಯಾಮೆರಾ ಎದೆಯ ಮುಂದೆ ಇರ್ತದೆ. ಪಟ್ಟಿ ಕುತ್ತಿಗೆಯ ಹಿಂಬದಿಯನ್ನು ಮುಂದಕ್ಕೂ ಕೆಳಕ್ಕೂ ಎಳೀತದೆ. ತಲೆ ಮುಂದೆ ವಾಲದ ಹಾಗೆ ಹಿಂದಿನ ಸ್ನಾಯುಗಳು ದಿನವಿಡೀ ಎದುರು ಎಳೆದು ಹಿಡಿಬೇಕು. ಭಾರ ಸಣ್ಣದೇ, ಆದರೆ ಬಿಡುವಿಲ್ಲ. ಸಂಜೆ ತಲೆನೋವು ಬಂದ್ರೆ ಬಿಸಿಲನ್ನಷ್ಟೇ ಬೈಬೇಡಿ.

ಅಡ್ಡಕ್ಕೆ, ಅಂದ್ರೆ ಎಡ ಭುಜದಿಂದ ಬಲ ಸೊಂಟಕ್ಕೆ ಹಾಕಿದ್ರೆ ಕುತ್ತಿಗೆ ಬಿಡುಗಡೆ. ಭಾರ ಭುಜದ ಮೇಲೆ ಬೀಳ್ತದೆ, ಕ್ಯಾಮೆರಾ ಸೊಂಟಕ್ಕೆ ಒರಗ್ತದೆ, ತೂಗಾಡೋದೂ ಕಮ್ಮಿ. ನಮ್ಮ ಅಜ್ಜಂದಿರು ಹೊಲಕ್ಕೆ ಬುತ್ತಿ ಚೀಲ ಹೀಗೇ ಹಾಕ್ಕೊಂಡು ಹೋಗ್ತಿದ್ರು, ಯಾರೂ ಕೊರಳಿಗೆ ಕಟ್ಕೊಳ್ತಿರಲಿಲ್ಲ.

ಬಾದಾಮಿಯಲ್ಲಿ ಇನ್ನೊಂದು ಲಾಭ ಇದೆ, ಕೋತಿಗಳು. ಒಂದೇ ಭುಜಕ್ಕೆ ಸುಮ್ಮನೆ ತಗುಲಿಸಿದ ಪಟ್ಟಿ ಎಳೆದ್ರೆ ಬರ್ತದೆ, ಅಡ್ಡ ಹಾಕಿದ್ದು ಬರಲ್ಲ. ಜೋತಾಡೋ ತುದಿ ಕಂಡ್ರೂ ಅವಕ್ಕೆ ಆಟ. ತುದಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಡಿ.

ಉದ್ದ ಎಷ್ಟು? ನಿಂತಾಗ ಕೈ ಸಹಜವಾಗಿ ಇಳಿದು ಮುಟ್ಟೋ ಜಾಗದಲ್ಲಿ ಕ್ಯಾಮೆರಾ ಇರಲಿ. ಅದಕ್ಕಿಂತ ಉದ್ದ ಬಿಟ್ರೆ ಅದು ಲೋಲಕ ಆಗ್ತದೆ. ಐಹೊಳೆಯಲ್ಲಿ ಮೇಗುತಿ ಗುಡಿಗೆ ಗುಡ್ಡ ಹತ್ತುವಾಗ ನಮ್ಮಲ್ಲೊಬ್ಬಳು ಉದ್ದ ಪಟ್ಟಿ ಬಿಟ್ಕೊಂಡಿದ್ದಳು, ಪ್ರತಿ ಮೆಟ್ಟಿಲಿಗೂ ಮಂಡಿಗೆ ಒಂದು ಏಟು. 634ರ ರವಿಕೀರ್ತಿ ಶಾಸನದ ಮುಂದೆ ನಿಂತಾಗ ಅವಳು ಮೊದಲು ನೋಡಿದ್ದು ಮಂಡಿಯನ್ನೇ.

4. ಎಳೆಯೋ ಪಟ್ಟಿಯ ಮೋಸ

ಇದು ನಮಗೆ ಅತಿ ಇಷ್ಟವಾದ ಭಾಗ. ನಿಯೋಪ್ರೀನ್ ಪಟ್ಟಿ ರಬ್ಬರ್ ಥರ ಎಳೀತದೆ. ಅಂಗಡಿಯಲ್ಲಿ ಹಾಕಿ ನೋಡಿದ್ರೆ "ಆಹಾ, ತೂಕವೇ ಇಲ್ಲ" ಅನ್ನಿಸ್ತದೆ. ನಿಂತಾಗ ಸರಿ. ನಡೆದಾಗ?

ಪಟ್ಟಿ ಒಂದು ಸ್ಪ್ರಿಂಗ್, ಕ್ಯಾಮೆರಾ ಒಂದು ಮಾಸ್. ಸಹಜ ಆವರ್ತನ ಕಂಡುಹಿಡಿಯೋಕೆ ಸ್ಪ್ರಿಂಗ್ ಸ್ಥಿರಾಂಕವೂ ಬೇಡ. ಕ್ಯಾಮೆರಾ ತೂಗಿದಾಗ ಪಟ್ಟಿ ಎಷ್ಟು ಕೆಳಗೆ ಇಳೀತು ಅಂತ ಸ್ಕೇಲ್ ಹಿಡಿದು ಅಳೆಯಿರಿ. ಗುರುತ್ವ ವೇಗೋತ್ಕರ್ಷವನ್ನು ಆ ಇಳಿತದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಭಾಗಿಸಿ. ಇಳಿತ 1 ಸೆಂ.ಮೀ. ಇದ್ರೆ ಉತ್ತರ ಸುಮಾರು 5 ಹರ್ಟ್ಜ್. 4 ಸೆಂ.ಮೀ. ಇದ್ರೆ 2.5 ಹರ್ಟ್ಜ್. 6 ಸೆಂ.ಮೀ. ಇದ್ರೆ 2 ಹರ್ಟ್ಜ್.

ನಾವು ನಡೆಯೋದು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. ಅರ್ಥ ಆಯ್ತಲ್ಲ? 5-6 ಸೆಂ.ಮೀ. ಎಳೆಯೋ ಪಟ್ಟಿ ನಮ್ಮ ನಡಿಗೆಗೇ ರೆಸೊನೆನ್ಸ್ ಆಗ್ತದೆ. ಕ್ಯಾಮೆರಾ ಕುಣಿಯೋಕೆ ಶುರು ಮಾಡ್ತದೆ, ಅದನ್ನು ನಾವು ಒಂದು ಕೈಯಲ್ಲಿ ಹಿಡಿದುಕೊಂಡೇ ನಡೀತೀವಿ. ಕೈಯಲ್ಲಿ ಹಿಡಿಯೋದಾದ್ರೆ ಪಟ್ಟಿ ಯಾಕೆ ಬೇಕು? ಅದಕ್ಕೆ ನಮ್ಮ ನಿಯಮ: ತೂಕ ಹಾಕಿದಾಗ 2 ಸೆಂ.ಮೀ.ಗಿಂತ ಜಾಸ್ತಿ ಇಳಿದ್ರೆ ಬೇಡ. ಭುಜದ ಪ್ಯಾಡ್ ಮೆತ್ತಗಿರಲಿ, ಆದರೆ ಎಳೆತ ಹೊರೋದು ಎಳೆಯದ ನೈಲಾನ್ ನೇಯ್ಗೆಯೇ ಇರಲಿ.

5. ಬಕಲ್: ನಾವು ಎಡವಿದ್ದು ಇಲ್ಲೇ

ಹುನಗುಂದಕ್ಕೆ ಹೋಗಿ ಅಣ್ಣನ ಮುಂದೆ ಒಡೆದ ಹುಡ್ ಇಟ್ವಿ. ಬೈತಾರೆ ಅಂದುಕೊಂಡಿದ್ವಿ. ಅವರು ಕ್ಯಾಮೆರಾ ತಿರುಗಿಸಿ ಮುರುಗಿಸಿ ನೋಡಿ, ನಾಲ್ಕು ಫೋಟೋ ತೆಗೆದು, ಕೊನೆಗೆ ಬಕಲ್ ಮುಂದೆ ಹಿಡಿದ್ರು. "ಬಾಲ ಎಲ್ಲೈತಿ?" ಅಂದ್ರು. ನಾವು ಪಟ್ಟಿಯ ತುದಿಯನ್ನು ಬಕಲ್‌ನಲ್ಲಿ ಒಂದೇ ಸಲ ದಾಟಿಸಿ ಹೊರಗೆ ಬಿಟ್ಟಿದ್ವಿ. ಉಳಿದ ಬಾಲ ಒಂದು ಸೆಂ.ಮೀ. ಕೂಡ ಇರಲಿಲ್ಲ.

ಇಲ್ಲಿ ಬೆಲ್ಟ್ ಫ್ರಿಕ್ಷನ್ ಬರ್ತದೆ. ಹಗ್ಗವನ್ನು ಕಂಬಕ್ಕೆ ಸುತ್ತಿದಷ್ಟೂ ಹಿಡಿತ ಕೂಡೋದಿಲ್ಲ, ಗುಣಿಸ್ತಾ ಹೋಗ್ತದೆ. ಘರ್ಷಣೆಯ ಗುಣಾಂಕ 0.3 ಇದ್ರೆ ಅರ್ಧ ಸುತ್ತಿಗೆ 2.6 ಪಟ್ಟು, ಒಂದು ಸುತ್ತಿಗೆ 6.6 ಪಟ್ಟು, ಒಂದೂವರೆ ಸುತ್ತಿಗೆ ಸುಮಾರು 17 ಪಟ್ಟು. ತುದಿಯನ್ನು ವಾಪಸ್ ಮಡಚಿ ಬಕಲ್ ಒಳಗೇ ಇನ್ನೊಮ್ಮೆ ದಾಟಿಸೋದು ಅಂದ್ರೆ ಇದೇ, ಸುತ್ತು ಜಾಸ್ತಿ ಮಾಡೋದು. ಜೊತೆಗೆ ಮೇಲಿನ ಪದರ ಕೆಳಗಿನ ಬಾಲವನ್ನು ಒತ್ತಿ ಹಿಡೀತದೆ, ಭಾರ ಜಾಸ್ತಿ ಆದಷ್ಟೂ ಹಿಡಿತವೂ ಜಾಸ್ತಿ.

ಹೀಗೆ ಮಾಡಿ: ತುದಿಯನ್ನು ಕ್ಯಾಮೆರಾದ ಕಿವಿಗೆ ಹೊರಗಿಂದ ಹಾಕಿ, ಸಣ್ಣ ಪ್ಲಾಸ್ಟಿಕ್ ಉಂಗುರದಲ್ಲಿ ದಾಟಿಸಿ, ಬಕಲ್‌ನ ಒಳಬದಿಯಿಂದ ಮಡಚಿ ವಾಪಸ್ ತನ್ನಿ. ಬಾಲ ಕನಿಷ್ಠ 5 ಸೆಂ.ಮೀ. ಉಳಿಯಲಿ. ಆಮೇಲೆ ಹಾಸಿಗೆಯ ಮೇಲೆ ಹಿಡಿದು ಎರಡೂ ಬದಿ ಜಗ್ಗಿ ನೋಡಿ. ಹಾಸಿಗೆ ಮೇಲೆ, ಮೆಟ್ಟಿಲ ಮೇಲಲ್ಲ.

ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ನೇತು ಹಾಕೋ ಪಟ್ಟಿಗಳೂ ಇವೆ. ಅದು ಕಾಲು ಇಂಚಿನ ಸ್ಕ್ರೂ, ಇಂಚಿಗೆ 20 ಹಲ್ಲು. ನಡೆಯುವಾಗ ಕ್ಯಾಮೆರಾ ತಿರುಗ್ತಾ ತಿರುಗ್ತಾ ಸ್ಕ್ರೂ ಸಡಿಲ ಆಗಬಹುದು. ರಬ್ಬರ್ ವಾಷರ್ ಇರಬೇಕು, ಗಂಟೆಗೊಮ್ಮೆ ಬಿಗಿ ಮಾಡ್ಬೇಕು, ಜೊತೆಗೆ ಕಿವಿಗೆ ಒಂದು ಎರಡನೇ ದಾರ ಕಟ್ಟಿರಬೇಕು.

6. ಇಳಕಲ್ಲಿನ ಕೊಂಡಿ

ಕೊನೆಯ ಊರು ಇಳಕಲ್ಲು. ಇಳಕಲ್ ಬಟ್ಟೆಯಲ್ಲೇ ಒಂದು ಪಟ್ಟಿ ಹೊಲಿಸಿದ್ರೆ ಕ್ಲಬ್‌ಗೆ ಎಷ್ಟು ಚಂದ ಅಂತ ನಮ್ಮ ಆಸೆ. ಒಂದು ಕೈಮಗ್ಗದ ಮನೆಗೆ ಹೋಗಿ ಕೇಳಿದ್ವಿ. ಅಲ್ಲಿಯ ಹಿರಿಯರು ಮೊದಲು ನಮಗೆ ಸೀರೆ ತೋರಿಸಿದ್ರು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. "ಕೊಂಡಿ ಗಟ್ಟಿ ಇರಬೇಕ್ರಿ, ಉಳಿದದ್ದು ತಾನ ಬಾಳಿಕೆ ಬರ್ತೈತಿ" ಅಂದ್ರು.

ನಮ್ಮ ಮುಖ ನಾವೇ ನೋಡ್ಕೊಂಡ್ವಿ. ಬಾದಾಮಿಯಲ್ಲಿ ನಮ್ಮ ಪಟ್ಟಿ ನಡುವೆ ಹರಿದಿರಲಿಲ್ಲ, ಅದೂ ಬಿಟ್ಟುಕೊಂಡಿದ್ದು ಕೂಡೋ ಜಾಗದಲ್ಲೇ.

ಬರೀ ಸೀರೆ ಬಟ್ಟೆ ಭಾರ ಹೊರೋಕೆ ನೇಯ್ದದ್ದಲ್ಲ ಅಂತ ಅವರೇ ಹೇಳಿದ್ರು. ಅದಕ್ಕೆ ಒಳಗೆ ನೈಲಾನ್ ಪಟ್ಟಿ, ನಡುವೆ ತೆಳು ಫೋಮ್, ಮೈಗೆ ತಾಗೋ ಬದಿ ಹತ್ತಿ, ಮೇಲೆ ಕೆಂಪು ಅಂಚು ಅಂತ ಹೊಲಿಸಿದ್ವಿ. ಹತ್ತಿ ಬೆವರು ಹೀರ್ತದೆ, ನಮ್ಮ ಬಾಗಲಕೋಟೆ ಬೇಸಿಗೆಗೆ ಇದು ಬೇಕೇ ಬೇಕು. ಆದರೆ ಬೆವರಿನ ಉಪ್ಪು ಕೂತ್ರೆ ಬಿರುಸಾಗ್ತದೆ, ಆಗಾಗ ತೊಳೀಬೇಕು. ರೇಷ್ಮೆ ಬದಿ ಭುಜದ ಮೇಲೆ ಜಾರ್ತದೆ, ಅದನ್ನು ಮೇಲೇ ಇಡಿ.

ಒಂದು ಎಚ್ಚರಿಕೆ. ಅದೇ ಓಣಿಯಲ್ಲಿ ಪವರ್‌ಲೂಮ್ ಕೂಡ ಇದ್ವು. ಓಡೋ ಯಂತ್ರದ ಮೇಲೆ ಬಗ್ಗಿ ಫೋಟೋ ತೆಗೆಯುವಾಗ ಕೊರಳಲ್ಲೂ ಅಡ್ಡಕ್ಕೂ ಪಟ್ಟಿ ಬೇಡವೇ ಬೇಡ. ವರ್ಕ್‌ಶಾಪ್‌ನಲ್ಲಿ ಲೇತ್ ಮುಂದೆ ಐಡಿ ಕಾರ್ಡ್ ಟ್ಯಾಗ್ ಒಳಗೆ ಹಾಕಿ ಅಂತ ಯಾಕೆ ಹೇಳ್ತಾರೋ, ಇದೂ ಅದಕ್ಕೇ. ಅಲ್ಲಿ ಪಟ್ಟಿ ಬಿಚ್ಚಿ, ದೂರ ನಿಂತು, ಕೈಯಲ್ಲಿ ಗಟ್ಟಿ ಹಿಡಿದು ತೆಗೆಯಿರಿ.

7. ಕೊಳ್ಳೋ ಮುಂಚೆ ಬಾಟಲಿ ಪರೀಕ್ಷೆ

ಸ್ನೇಹಿತರ ಪಟ್ಟಿ ಒಂದು ದಿನಕ್ಕೆ ಕೇಳಿ ತಗೊಳ್ಳಿ. ಒಂದು ಲೀಟರ್ ನೀರಿನ ಬಾಟಲಿಯನ್ನು ಬಟ್ಟೆ ಚೀಲದಲ್ಲಿಟ್ಟು ಅದಕ್ಕೆ ಕಟ್ಟಿ, ಅದು ಒಂದು ಕೆಜಿ ಚಿಲ್ಲರೆ.

ಅರ್ಧ ಗಂಟೆ ಹಾಕ್ಕೊಂಡು ಹಾಸ್ಟೆಲ್ ಮೆಟ್ಟಿಲು ಹತ್ತಿ ಇಳಿಯಿರಿ. ಬಾಟಲಿ ಕುಣೀತದಾ?
ಬಗ್ಗಿ ಶೂ ಲೇಸ್ ಕಟ್ಟಿ. ಬಾಟಲಿ ಮುಂದೆ ಜಾರಿ ನೆಲಕ್ಕೆ ಬಡೀತದಾ?
ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ. ಪಟ್ಟಿ ಅಡ್ಡ ಬರ್ತದಾ, ಅಂಗಿ ಎಳೀತದಾ?
ತೆಗೆದು ಕನ್ನಡಿ ನೋಡಿ. ಗುರುತು ಅಗಲ ಇದೆಯಾ, ಗೆರೆ ಇದೆಯಾ?
ಬೆರಳು ಜುಮುಗುಟ್ಟುತ್ತಾ?

ಕೊನೆಯ ಪ್ರಶ್ನೆ ನಾವು ಕಲಿತದ್ದು ಹುನಗುಂದದಲ್ಲಿ. ಅಣ್ಣ ಮದುವೆಯಲ್ಲಿ ಎರಡು ಕ್ಯಾಮೆರಾ ಕೊರಳಿಗೇ ಹಾಕ್ಕೊಂಡು ನಿಲ್ತಾರೆ, ಕ್ಯಾಮೆರಾ ಜೊತೆ ಬಂದ ಸಣ್ಣ ಪಟ್ಟಿಯಲ್ಲಿ. ಕೊರೆಯಬಾರದು ಅಂತ ಕೆಳಗೆ ಟವಲ್ ಮಡಚಿ ಇಟ್ಕೊಳ್ತಾರೆ. ರಾತ್ರಿ ಬಲಗೈ ಬೆರಳು ಜೋಮು ಹಿಡೀತವೆ ಅಂತ ನಗ್ತಾ ಹೇಳಿದ್ರು. ನಮಗೆ ನಗು ಬರಲಿಲ್ಲ. ಹಾಗೆ ಆಗ್ತಿದ್ರೆ ಪಟ್ಟಿ ಬದಲಿಸಿ ಸುಮ್ಮನಿರಬೇಡಿ, ಡಾಕ್ಟರ್ ಹತ್ರ ತೋರಿಸಿ ಅಂತ ಅವರಿಗೂ ಹೇಳಿದ್ವಿ, ನಿಮಗೂ ಹೇಳ್ತೀವಿ. ಎರಡು ಕ್ಯಾಮೆರಾ ಹೊರೋರಿಗೆ ಎರಡೂ ಭುಜಕ್ಕೆ ಬೆನ್ನ ಮೇಲೆ ಕೂಡೋ ಜೋಡಿ ಪಟ್ಟಿ ಸರಿ, ಭಾರ ಎರಡೂ ಬದಿ ಹಂಚಿಹೋಗ್ತದೆ.

ಹೊಸ ಹುಡ್‌ಗೆ ಐದು ಜನ ದುಡ್ಡು ಹಾಕಿದ್ವಿ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಜೋಡಿ ಪಟ್ಟಿ ತಂದು ಅಣ್ಣನಿಗೆ ಕೊಟ್ವಿ. ಹಾಕ್ಕೊಂಡು ಅಂಗಡಿ ಒಳಗೆ ನಾಲ್ಕು ಹೆಜ್ಜೆ ನಡೆದ್ರು, ಕೈ ಎರಡೂ ಬಿಟ್ಟು. "ಕೊರಳ ಖಾಲಿ ಅನಿಸ್ತೈತಲ್ಲೋ" ಅಂದ್ರು. ಆಮೇಲೆ ಬಕಲ್‌ಗಳನ್ನು ಒಂದೊಂದಾಗಿ ಜಗ್ಗಿ ನೋಡಿದ್ರು. ನಾವು ಅಷ್ಟರಲ್ಲೇ ಎರಡು ಸಲ ಜಗ್ಗಿ ನೋಡಿದ್ವಿ.